ಬೀಜಗಣಿತಕ್ಕೆ ಮೊದಲು ಗುಂಟೆ ಲೆಕ್ಕ: ಮರೆತ ಗಣಿತವನ್ನು ಮತ್ತೆ ಕಲಿಯುವವರಿಗೆ

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ನಮ್ಮ ಕಡೆ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಚೆಕ್‌ರೋಲ್ ಬರೆಯುವವನು. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ವಾರದ ಬಟವಾಡೆ ಎಷ್ಟು, ಎಲ್ಲ ನನ್ನ ಪುಸ್ತಕದಲ್ಲೇ. ಹೀಗೆ ದಿನವಿಡೀ ಲೆಕ್ಕದಲ್ಲೇ ಮುಳುಗಿರುವ ನನಗೆ, ಮಗಳು ಎಂಟನೇ ಕ್ಲಾಸಿಗೆ ಹೋದ ವರ್ಷ, ಅವಳ ಬೀಜಗಣಿತದ ಒಂದು ಲೆಕ್ಕ ಬಿಡಿಸಲು ಬರಲಿಲ್ಲ. "ಅಪ್ಪಾ, ನೀನು ಮಾಡೋದೇ ಲೆಕ್ಕದ ಕೆಲಸ ಅಲ್ವಾ?" ಎಂದಳು. ಸುಮ್ನೆ ಎದ್ದು ಹೋಗಿ ಒಂದು ಲೋಟ ಕಾಫಿ ಕುಡಿದೆ. ಆಮೇಲೆ ಆರು ವಾರ, ಅವಳು ಮಲಗಿದ ಮೇಲೆ, ಐದನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಿ ಮತ್ತೆ ಕಲಿತೆ.

ಆಗ ಗೊತ್ತಾದ್ದು ಇಷ್ಟು: ನನಗೆ ಬರದೇ ಇದ್ದದ್ದು ಬೀಜಗಣಿತವಲ್ಲ. ಭಿನ್ನರಾಶಿ ಮತ್ತು ಮೈನಸ್ ಚಿಹ್ನೆ. ಪರೀಕ್ಷೆಗೆ ಓದುವ ನಮ್ಮೂರಿನ ಕೆಲವು ಹುಡುಗರ ಜೊತೆ ಕೂತಾಗಲೂ ಇದನ್ನೇ ನೋಡಿದೆ. ಎಕ್ಸ್ ಕಂಡರೆ ಭಯ ಅನ್ನುತ್ತಾರೆ, ಆದರೆ ತಪ್ಪಾಗುವುದು ಎಕ್ಸ್ ಹತ್ತಿರ ಅಲ್ಲ, ಅದರ ಪಕ್ಕದಲ್ಲಿರುವ ಮುಕ್ಕಾಲಿನ ಹತ್ತಿರ. ಹಾಗಾಗಿ ನನ್ನ ದಾರಿ ಉಲ್ಟಾ. ಬೀಜಗಣಿತ ಕೊನೆಗೆ.

ಮೊದಲು ಎಲ್ಲಿ ಸೋರುತ್ತಿದೆ ನೋಡಿ

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಈ ಹತ್ತು ಲೆಕ್ಕ ಮಾಡಿ, ಬಾಯಲ್ಲಲ್ಲ, ಹಂತ ಹಂತವಾಗಿ ಬರೆದು.

1) 5003 − 1867
2) 407 × 38
3) 7344 ÷ 36
4) 3/4 + 2/5
5) 2½ ÷ ¼
6) 0.4 × 0.3
7) 840ರ ಶೇ. 15
8) −3 − (−8)
9) 20 − 4 × 3 + 2
10) 5ಕ − 7 = 2ಕ + 11 ಆದರೆ ಕ ಎಷ್ಟು?

ಉತ್ತರಗಳು ಕ್ರಮವಾಗಿ 3136, 15466, 204, 23/20 (ಅಂದರೆ 1 ಮತ್ತು 3/20), 10, 0.12, 126, 5, 10, 6. ಹತ್ತಕ್ಕೆ ಹತ್ತೂ ಬಂದರೆ ನೀವು ಇದನ್ನು ಓದಬೇಕಾಗಿಲ್ಲ, ಹೋಗಿ ಬೇರೆ ಕೆಲಸ ನೋಡಿಕೊಳ್ಳಿ. ತಪ್ಪಾಗಿದ್ದರೆ ಎಷ್ಟು ತಪ್ಪು ಎಂದು ಎಣಿಸಬೇಡಿ, ಯಾವ ಜಾತಿಯ ತಪ್ಪು ಎಂದು ನೋಡಿ. ಮೂರನೆಯದಕ್ಕೆ 24 ಬಂದಿದ್ದರೆ ನಿಮಗೆ ಭಾಗಾಕಾರ ಬರುತ್ತದೆ, ನಡುವಿನ ಸೊನ್ನೆ ಬರೆಯುವುದನ್ನು ಮರೆತಿದ್ದೀರಿ ಅಷ್ಟೇ. ಆರನೆಯದಕ್ಕೆ 1.2 ಬಂದಿದ್ದರೆ ಮಗ್ಗಿ ಸರಿ ಇದೆ, ಚುಕ್ಕಿಯ ಜಾಗ ಗೊತ್ತಿಲ್ಲ. ನಾಲ್ಕನೆಯದಕ್ಕೆ 5/9 ಬಂದಿದ್ದರೆ ಮೇಲಿನದ್ದಕ್ಕೆ ಮೇಲಿನದ್ದು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡಿದ್ದೀರಿ. ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು. ಮುಕ್ಕಾಲಿಗೆ ಇನ್ನೇನೋ ಸೇರಿಸಿದ ಮೇಲೆ ಅದು ಮುಕ್ಕಾಲಿಗಿಂತ ಕಡಿಮೆಯಾಗುವುದು ಹೇಗೆ ಎಂದು ಒಂದು ಸಲ ಕೇಳಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಂಡು ಅದರಲ್ಲಿ ತಪ್ಪುಗಳನ್ನು ಮಾತ್ರ ಬರೆಯಿರಿ. ಎಡಗಡೆ ನೀವು ಮಾಡಿದ್ದು, ಬಲಗಡೆ ಸರಿಯಾದದ್ದು, ಕೆಳಗೆ ಒಂದು ಸಾಲು: ಯಾಕೆ ಹೀಗಾಯಿತು. ನನ್ನ ಪುಸ್ತಕದ ಮೊದಲ ಎರಡು ಪುಟ ತುಂಬ ಒಂದೇ ಸಾಲು ಇದೆ, "ಆವರಣದ ಮುಂದೆ ಮೈನಸ್".

ಚುಕ್ಕಿಯ ಬಲಗಡೆ ಎಷ್ಟಕ್ಕೆ ತುಂಬುತ್ತದೆ?

ಕೂಡುವುದು, ಕಳೆಯುವುದು ಬಹಳ ಜನಕ್ಕೆ ಬರುತ್ತದೆ. ಹಾಗಾಗಿ ಅಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಆದರೆ ದಶಕ ಅಂದರೇನು ಎಂದು ಒಮ್ಮೆ ನಿಜವಾಗಿ ಅರ್ಥ ಮಾಡಿಕೊಳ್ಳಿ. ಅದಕ್ಕೆ ಪಹಣಿಗಿಂತ ಒಳ್ಳೆಯ ಪಾಠ ಇಲ್ಲ.

ಒಂದು ಎಕರೆಗೆ 40 ಗುಂಟೆ. ಅಣ್ಣನ ಹೆಸರಲ್ಲಿ 1 ಎಕರೆ 25 ಗುಂಟೆ, ತಮ್ಮನ ಹೆಸರಲ್ಲಿ 1 ಎಕರೆ 30 ಗುಂಟೆ ಇದೆ ಅಂದುಕೊಳ್ಳಿ. ಇದನ್ನು 1.25, 1.30 ಎಂದು ಬರೆದು ಕ್ಯಾಲ್ಕುಲೇಟರಿನಲ್ಲಿ ಕೂಡಿ 2.55 ಎನ್ನುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಿಜವಾದ ಉತ್ತರ 3 ಎಕರೆ 15 ಗುಂಟೆ. ಯಾಕೆಂದರೆ 55 ಗುಂಟೆಯಲ್ಲಿ 40 ತುಂಬಿ ಒಂದು ಎಕರೆಯಾಗಿ ಎಡಗಡೆಗೆ ಹೋಗುತ್ತದೆ, 15 ಉಳಿಯುತ್ತದೆ. ಕಳೆಯುವಾಗ ಇದರ ಉಲ್ಟಾ. 3 ಎಕರೆ 10 ಗುಂಟೆಯಲ್ಲಿ 1 ಎಕರೆ 25 ಗುಂಟೆ ಮಾರಿದರೆ, 10ರಲ್ಲಿ 25 ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಎಕರೆ ತಂದು ಮುರಿಸಿದರೆ 50 ಗುಂಟೆ, ಅದರಲ್ಲಿ 25 ಕಳೆದರೆ 25. ಉಳಿದದ್ದು 1 ಎಕರೆ 25 ಗುಂಟೆ. 5003ರಲ್ಲಿ 1867 ಕಳೆಯುವಾಗ ಮಾಡುವುದೂ ಇದನ್ನೇ, ಅಲ್ಲಿ 40ರ ಬದಲು 10.

ಇನ್ನು ಮಳೆ. ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುತ್ತೇವೆ, 100 ಸೆಂಟಿಗೆ ಒಂದು ಇಂಚು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಒಂದು ಇಂಚು ಐದು ಸೆಂಟ್ ಬಿತ್ತು ಅಂದರೆ ಅದು 1.05, 1.5 ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದನ್ನು ತಪ್ಪಾಗಿ ಬರೆದು, ಫೆಬ್ರವರಿ ಮಳೆಗೆ ಸುಮ್ಮನೆ 45 ಸೆಂಟ್ ಜಾಸ್ತಿ ಸೇರಿಸಿಬಿಟ್ಟಿದ್ದೆ. ಗಡಿಯಾರದಲ್ಲಿ ಮತ್ತೆ ಬೇರೆ, ಅಲ್ಲಿ 60. 0.8 ಗಂಟೆ ಅಂದರೆ 80 ನಿಮಿಷ ಅಲ್ಲ, 8 ನಿಮಿಷವೂ ಅಲ್ಲ, 60ರಲ್ಲಿ ಹತ್ತನೇ ಎಂಟು ಭಾಗ, 48 ನಿಮಿಷ.

ಹಾಗಾಗಿ ಚುಕ್ಕಿ ಕಂಡಾಗಲೆಲ್ಲ ಒಂದು ಪ್ರಶ್ನೆ ಕೇಳಿಕೊಳ್ಳಿ: ಬಲಗಡೆ ಎಷ್ಟಾದರೆ ಎಡಗಡೆಗೆ ಒಂದು ಹೋಗುತ್ತದೆ? ಗಣಿತ ಪುಸ್ತಕದ ದಶಮಾಂಶದಲ್ಲಿ ಉತ್ತರ ಯಾವಾಗಲೂ ಹತ್ತು. ಪಹಣಿಯ 2 ಎಕರೆ 30 ಗುಂಟೆಯನ್ನು ದಶಮಾಂಶಕ್ಕೆ ತರಬೇಕಾದರೆ 30ನ್ನು 40ರಿಂದ ಭಾಗಿಸಬೇಕು, 0.75 ಬರುತ್ತದೆ, ಅಂದರೆ 2.75 ಎಕರೆ. ಎಕರೆಗೆ ಇಷ್ಟು ಅಂತ ಗೊಬ್ಬರದ ಲೆಕ್ಕ ಹಾಕುವಾಗ 2.30 ಎಂದು ಗುಣಿಸಿದರೆ ಸುಮಾರು ಅರ್ಧ ಎಕರೆಯ ಗೊಬ್ಬರ ಕಡಿಮೆ ಬೀಳುತ್ತದೆ.

ಗುಣಾಕಾರಕ್ಕೆ ಎರಡು ಕಾವಲು ಇಡಿ. ಒಂದು ಅಂದಾಜು: 407 × 38 ಅಂದರೆ ಹತ್ತಿರ ಹತ್ತಿರ 400 × 40, ಅಂದರೆ 16,000. ಉತ್ತರ 1786 ಬಂದರೆ ಸೊನ್ನೆ ನುಂಗಿದ್ದೀರಿ ಎಂದು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಅಂಕೆ ಕೂಡುವ ಪರೀಕ್ಷೆ. 4+0+7 = 11, ಮತ್ತೆ 1+1 = 2. 3+8 = 11, ಅದೂ 2. ಎರಡನ್ನೂ ಗುಣಿಸಿದರೆ 4. ಉತ್ತರ 15466ರ ಅಂಕೆಗಳನ್ನು ಕೂಡಿದರೆ 22, ಮತ್ತೆ ಕೂಡಿದರೆ 4. ಹೊಂದಿತು. ಅಂಕೆಗಳು ಅದಲು ಬದಲಾದಂಥ ಕೆಲವು ತಪ್ಪುಗಳನ್ನು ಈ ಪರೀಕ್ಷೆ ಹಿಡಿಯುವುದಿಲ್ಲ, ಹಾಗಾಗಿ ಅಂದಾಜು ಬಿಡಬೇಡಿ. ಮಗ್ಗಿ 12ರವರೆಗೆ ಬಾಯಿಗೆ ಬರಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ನಮ್ಮ ಅಜ್ಜನಿಗೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಕೂಡ ಬಾಯಿಪಾಠ ಇತ್ತು. ಅಷ್ಟು ಬೇಡ ಬಿಡಿ.

ಭಿನ್ನರಾಶಿ, ಅದೇ ಗುಂಟೆಯಲ್ಲಿ

ಈಗ ನಾಲ್ಕನೇ ಲೆಕ್ಕಕ್ಕೆ ಬನ್ನಿ, 3/4 + 2/5. ಎರಡನ್ನೂ ಎಕರೆ ಅಂದುಕೊಳ್ಳಿ. ಮುಕ್ಕಾಲು ಎಕರೆ ಅಂದರೆ 30 ಗುಂಟೆ. ಎಕರೆಯಲ್ಲಿ ಐದನೇ ಎರಡು ಭಾಗ ಅಂದರೆ 16 ಗುಂಟೆ. ಒಟ್ಟು 46 ಗುಂಟೆ, ಅಂದರೆ 46/40, ಎರಡರಿಂದ ಹೊಡೆದರೆ 23/20. ಛೇದ (ಕೆಳಗಿನ ಸಂಖ್ಯೆ) ಒಂದೇ ಮಾಡಿಕೊಳ್ಳಬೇಕು, ಲ.ಸಾ.ಅ. (ಎರಡೂ ಛೇದದಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆಯಬೇಕು ಅಂತ ಮೇಷ್ಟ್ರು ಹೇಳುತ್ತಿದ್ದರಲ್ಲ, ಅದರ ಒಟ್ಟು ಗುಟ್ಟು ಇಷ್ಟೇ. ಎರಡನ್ನೂ ಒಂದೇ ಸಣ್ಣ ಅಳತೆಗೆ ಇಳಿಸಿ, ಆಮೇಲೆ ಕೂಡಿ. ಲ.ಸಾ.ಅ. ತೆಗೆದರೆ 20 ಬರುತ್ತದೆ, ನಾವು 40 ಹಿಡಿದೆವು. ಎರಡರಲ್ಲೂ ಉತ್ತರ ಒಂದೇ, ಲ.ಸಾ.ಅ. ಹಿಡಿದರೆ ಕೊನೆಯಲ್ಲಿ ಹೊಡೆಯುವ ಕೆಲಸ ಕಡಿಮೆ. ಛೇದದಲ್ಲಿ 3 ಇದ್ದರೆ ಮಾತ್ರ ಗುಂಟೆ ಸರಿಯಾಗಿ ಒಡೆಯುವುದಿಲ್ಲ, ಆಗ ಗಂಟೆ ನಿಮಿಷಕ್ಕೆ ಹೋಗಿ. ಮೂರನೇ ಎರಡು ಗಂಟೆ ಅಂದರೆ 40 ನಿಮಿಷ.

ಗುಣಿಸುವುದು ಸುಲಭ, ಮೇಲಿನದ್ದು ಮೇಲಿನದ್ದಕ್ಕೆ, ಕೆಳಗಿನದ್ದು ಕೆಳಗಿನದ್ದಕ್ಕೆ. ಭಾಗಿಸುವಾಗ "ತಲೆಕೆಳಗೆ ಮಾಡಿ ಗುಣಿಸು" ಎಂಬ ಸೂತ್ರ ಎಲ್ಲರಿಗೂ ನೆನಪಿದೆ, ಯಾಕೆ ಅನ್ನುವುದು ನೆನಪಿಲ್ಲ. ಎರಡೂವರೆ ಲೀಟರ್ ಹಾಲಿದೆ, ಕಾಲು ಲೀಟರಿನ ಎಷ್ಟು ಲೋಟ ತುಂಬಬಹುದು? ಒಂದು ಲೀಟರಿಗೆ ನಾಲ್ಕು ಲೋಟ, ಹಾಗಾದರೆ ಎರಡೂವರೆಗೆ ಹತ್ತು. ಕಾಲರಿಂದ ಭಾಗಿಸುವುದು ಅಂದರೆ ನಾಲ್ಕರಿಂದ ಗುಣಿಸುವುದು. ಅದೇ ತಲೆಕೆಳಗೆ.

ಶೇಕಡಾ ಬೇರೆ ಪಾಠವಲ್ಲ, ಛೇದ 100 ಇರುವ ಭಿನ್ನರಾಶಿ. ಹತ್ತು ಶೇಕಡಾ ಮೊದಲು ತೆಗೆಯಿರಿ. 840ಕ್ಕೆ 84, ಅದರ ಅರ್ಧ 42, ಎರಡೂ ಸೇರಿ 126, ಶೇ. 15 ಆಯಿತು. ಒಂದು ಮೋಸದ ಬಗ್ಗೆ ಮಾತ್ರ ಎಚ್ಚರ ಇರಲಿ. ಕಾಫಿ ರೇಟು ಶೇ. 20 ಏರಿ ಆಮೇಲೆ ಶೇ. 20 ಇಳಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ. 100 ಇದ್ದದ್ದು 120 ಆಗಿ, 120ರ ಶೇ. 20 ಅಂದರೆ 24 ಇಳಿದು, 96ಕ್ಕೆ ನಿಲ್ಲುತ್ತದೆ. ಯಾವುದರ ಶೇಕಡಾ ಎಂದು ಕೇಳದೆ ಲೆಕ್ಕ ಹಾಕಬೇಡಿ.

ಮೈನಸ್ ಅಂದರೆ ಸಾಲ

ಇದು ಉಪಮೆಯಲ್ಲ, ಪದದ ಅರ್ಥವೇ ಅದು. ಋಣ ಸಂಖ್ಯೆ ಅನ್ನುತ್ತೇವಲ್ಲ, ಋಣ ಅಂದರೆ ಸಾಲ, ಧನ ಅಂದರೆ ದುಡ್ಡು. ಬ್ರಹ್ಮಗುಪ್ತ 628ರಲ್ಲೇ ಇದೇ ಎರಡು ಪದ ಇಟ್ಟುಕೊಂಡು ಕೂಡುವ, ಕಳೆಯುವ, ಗುಣಿಸುವ ನಿಯಮ ಬರೆದಿಟ್ಟಿದ್ದಾನೆ. ಅಂಗಡಿಯಲ್ಲಿ 7 ರೂಪಾಯಿ ಸಾಲ ಇದೆ, ಇನ್ನೂ 5 ರೂಪಾಯಿಯ ಸಾಮಾನು ತಂದಿರಿ: −7 − 5 = −12. ಇಲ್ಲಿ "ಮೈನಸ್ ಮೈನಸ್ ಪ್ಲಸ್" ಎಂದು ಮಂತ್ರ ಹೇಳಿ +12 ಬರೆಯುವವರು ಬಹಳ. ಆ ಮಂತ್ರ ಗುಣಿಸುವುದಕ್ಕೆ, ಭಾಗಿಸುವುದಕ್ಕೆ, ಮತ್ತು ಎರಡು ಚಿಹ್ನೆ ಒಂದರ ಬೆನ್ನಿಗೆ ಒಂದು ಬಂದಾಗ ಮಾತ್ರ. −3 − (−8) ಎನ್ನುವುದು ಅಂಥದ್ದು. ನಿಮ್ಮ ಲೆಕ್ಕದಲ್ಲಿ 3 ರೂಪಾಯಿ ಸಾಲ ನಿಂತಿದೆ, ಅಂಗಡಿಯವನು ತಪ್ಪಿ ಬರೆದಿದ್ದ 8 ರೂಪಾಯಿ ಸಾಲವನ್ನು ಹೊಡೆದು ಹಾಕಿದ. ಸಾಲ ಕಳೆದರೆ ನಿಮಗೆ ಲಾಭ. ಈಗ 5 ರೂಪಾಯಿ ಅವನೇ ನಿಮಗೆ ಕೊಡಬೇಕು.

ಹಾಸನದವರಾದರೆ ಗೊರೂರು ಅಣೆಕಟ್ಟು ನೆನೆಸಿಕೊಳ್ಳಿ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2922 ಅಡಿ. ಅದನ್ನೇ ಸೊನ್ನೆ ಅಂದುಕೊಂಡರೆ, ನೀರು 2904 ಅಡಿಯಲ್ಲಿರುವ ದಿನ −18. ಮಳೆ ಬಂದು 6 ಅಡಿ ಏರಿತು, −18 + 6 = −12. ಇನ್ನೂ ತುಂಬಿಲ್ಲ, ಅದಕ್ಕೇ ಮೈನಸ್.

ಋಣವನ್ನು ಋಣದಿಂದ ಗುಣಿಸಿದರೆ ಧನ ಯಾಕೆ? 3 × (−4) = −12, 2 × (−4) = −8, 1 × (−4) = −4, 0 × (−4) = 0. ಒಂದೊಂದು ಮೆಟ್ಟಿಲಿಗೂ ನಾಲ್ಕು ಏರುತ್ತಿದೆ. ಮುಂದಿನ ಮೆಟ್ಟಿಲು (−1) × (−4), ಅದು 4 ಆಗದೆ ಬೇರೇನಾಗಲು ಸಾಧ್ಯ?

ಒಂಬತ್ತನೇ ಲೆಕ್ಕದ ಬಗ್ಗೆ ಎರಡು ಮಾತು. 20 − 4 × 3 + 2. ಗುಣಾಕಾರ ಮೊದಲು, 20 − 12 + 2. ಇಲ್ಲಿ ಬೋಡ್‌ಮಾಸ್ (ಯಾವ ಕ್ರಿಯೆ ಮೊದಲು ಎಂದು ನೆನಪಿಡುವ BODMAS ಎಂಬ ಪದ) ಕಲಿತವರೇ ಮುಗ್ಗರಿಸುತ್ತಾರೆ. ಆ ಪದದಲ್ಲಿ ಕೂಡುವುದು ಮುಂದೆ, ಕಳೆಯುವುದು ಹಿಂದೆ ಇದೆಯಲ್ಲ ಎಂದು 12 + 2 ಮೊದಲು ಮಾಡಿ 6 ಅನ್ನುತ್ತಾರೆ. ಕೂಡುವುದೂ ಕಳೆಯುವುದೂ ಒಂದೇ ಅಂತಸ್ತು, ಎಡದಿಂದ ಬಲಕ್ಕೆ ಹೋಗಬೇಕು, ಉತ್ತರ 10. ಗುಣಿಸುವುದು, ಭಾಗಿಸುವುದೂ ಹಾಗೇ. 24 ÷ 4 × 2 ಅಂದರೆ 12.

ಈಗ ಅಕ್ಷರ

ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾನು ಇಲ್ಲಿ ಕ ಎಂದು ಬರೆಯುತ್ತಿದ್ದೇನೆ. ಯಾವ ಅಕ್ಷರವಾದರೂ ಒಂದೇ. ನಮ್ಮ ಹಳೆಯ ಗಣಿತಜ್ಞರು ಕಾಲಕ, ನೀಲಕ, ಪೀತಕ ಎಂಬ ಬಣ್ಣದ ಹೆಸರುಗಳ ಮೊದಲಕ್ಷರ ಕಾ, ನೀ, ಪೀ ಬಳಸುತ್ತಿದ್ದರು. ಆದರೆ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಕ ಅಂದರೆ ಕಾಫಿ ಅಲ್ಲ, ಎಷ್ಟು ಚೀಲ ಕಾಫಿ ಎಂಬ ಸಂಖ್ಯೆ. ಈ ಭೇದ ತಪ್ಪಿದರೆ ಏನಾಗುತ್ತದೆ ನೋಡಿ. ಒಬ್ಬ ಮೇಸ್ತ್ರಿಗೆ 12 ಆಳು ಇದ್ದಾರೆ, ಇದನ್ನು ಸಮೀಕರಣದಲ್ಲಿ ಬರೆಯಿರಿ ಅಂದರೆ ಕಣ್ಣು ಮುಚ್ಚಿಕೊಂಡು 12ಆ = ಮ ಎಂದು ಬರೆಯುತ್ತಾರೆ. ಮೇಸ್ತ್ರಿ ಇಬ್ಬರು ಅಂತ ಹಾಕಿ ನೋಡಿ. ಆಳು 24 ಆಗಬೇಕು. 12 × 24 ಎಂದರೆ 2 ಬರುತ್ತದೆಯೇ? ಸರಿಯಾದದ್ದು ಆ = 12ಮ.

ನಮ್ಮ ಕಡೆಯ ಬೆಳೆಗಾರರು ಬೀಜಗಣಿತವನ್ನು ದಿನಾ ಮಾಡುತ್ತಾರೆ, ಹೆಸರು ಗೊತ್ತಿಲ್ಲ ಅಷ್ಟೇ. 50 ಕೆ.ಜಿ.ಯ ಒಂದು ಚೀಲ ರೋಬಸ್ಟಾ ಚೆರ್ರಿಯ (ಒಣಗಿಸಿದ ಕಾಫಿ ಹಣ್ಣಿನ) ಸಿಪ್ಪೆ ತೆಗೆಸಿದರೆ ಎಷ್ಟು ಕೆ.ಜಿ. ಬೀಜ ಬರುತ್ತದೋ ಅದು ಔಟ್‌ಟರ್ನ್. ಔಟ್‌ಟರ್ನಿನ ಒಂದೊಂದು ಕೆ.ಜಿ.ಯೂ ಒಂದು ಪಾಯಿಂಟ್, ಪಾಯಿಂಟಿಗೆ ಇಷ್ಟು ರೂಪಾಯಿ ಅಂತ ರೇಟು. ಲೆಕ್ಕಕ್ಕೆ 180 ರೂಪಾಯಿ ಇಟ್ಟುಕೊಳ್ಳಿ. ಔಟ್‌ಟರ್ನ್ 26 ಬಂದರೆ ಚೀಲಕ್ಕೆ 26 × 180, ಅಂದರೆ 4680. ಈಗ ಪಕ್ಕದ ತೋಟದವರು ಅದೇ ರೇಟಿಗೆ ಚೀಲಕ್ಕೆ 5040 ಸಿಕ್ಕಿತು ಅಂದರು. ಅವರ ಔಟ್‌ಟರ್ನ್ ಎಷ್ಟು? 180ಕ = 5040, ಎರಡೂ ಕಡೆ 180ರಿಂದ ಭಾಗಿಸಿ, ಕ = 28. ಇದೇ ಸಮೀಕರಣ.

ಎರಡು ಮೆಟ್ಟಿಲಿನದ್ದು ನೋಡಿ. ಪಿಕಪ್ ಗಾಡಿಯವನಿಗೆ ಬಂದು ಹೋಗಲು 300 ರೂಪಾಯಿ, ಮೇಲೆ ಚೀಲಕ್ಕೆ 25. ಒಟ್ಟು 1050 ಕೊಟ್ಟಿರಿ. 25ಕ + 300 = 1050. ತಕ್ಕಡಿಯ ಎರಡೂ ತಟ್ಟೆಯಿಂದ 300 ತೆಗೆಯಿರಿ, 25ಕ = 750. ಎರಡನ್ನೂ 25ರಿಂದ ಭಾಗಿಸಿ, ಕ = 30. ಶಾಲೆಯಲ್ಲಿ ಇದನ್ನು ಪಕ್ಷಾಂತರ ಎಂದು ಹೇಳಿಕೊಡುತ್ತಾರೆ, ಆ ಕಡೆ ಹೋದರೆ ಚಿಹ್ನೆ ಬದಲು. ನಮ್ಮ ರಾಜಕೀಯ ನೋಡಿದವರಿಗೆ ಇದು ಬೇಗ ನೆನಪಿರುತ್ತದೆ, ನಿಜ. ಆದರೆ ಬರೀ ಪಕ್ಷಾಂತರ ಕಲಿತವರು 25ಕ = 750ರಲ್ಲಿ 25ನ್ನೂ ಆ ಕಡೆಗೆ ಹಾರಿಸಿ 750 − 25 = 725 ಅನ್ನುತ್ತಾರೆ. ಮೊದಲ ಎರಡು ವಾರ ತಕ್ಕಡಿಯಲ್ಲೇ ಇರಿ, ಪ್ರತಿ ಸಾಲಿನ ಪಕ್ಕದಲ್ಲಿ "ಎರಡೂ ಕಡೆ −300" ಎಂದು ಬರೆಯಿರಿ. ಬೇಜಾರಾಗುವಷ್ಟು ಬರೆದ ಮೇಲೆ ಬಿಡಿ.

ಇನ್ನು ನನ್ನ ಹಳೆಯ ಶತ್ರು, ಆವರಣ. 3(ಕ − 2) ಅಂದರೆ 3ಕ − 6. ಒಳಗಿರುವ ಇಬ್ಬರಿಗೂ ಬಡಿಸಬೇಕು, ಪಂಕ್ತಿಯಲ್ಲಿ ಒಬ್ಬರನ್ನು ಬಿಟ್ಟು ಹೋಗುವ ಹಾಗಿಲ್ಲ. ಮುಂದೆ ಮೈನಸ್ ಇದ್ದರೆ ಅದೂ ಇಬ್ಬರಿಗೂ: 5 − 2(ಕ − 3) ಅಂದರೆ 5 − 2ಕ + 6, ಅಂದರೆ 11 − 2ಕ. ಮಗಳ ಲೆಕ್ಕದಲ್ಲಿ ನಾನು ಬಿದ್ದದ್ದು ಇಲ್ಲೇ. ಹಾಗೇ 3ಕ + 5 ಎನ್ನುವುದನ್ನು 8ಕ ಮಾಡಬೇಡಿ. ಕ = 1 ಬಿಟ್ಟು ಬೇರೆ ಯಾವ ಸಂಖ್ಯೆ ಹಾಕಿದರೂ ಅವೆರಡು ಒಂದೇ ಆಗುವುದಿಲ್ಲ, ಹಾಕಿ ನೋಡಿ.

ಭಿನ್ನರಾಶಿ ಇರುವ ಸಮೀಕರಣದಲ್ಲಿ ಮೊದಲೇ ಛೇದ ಓಡಿಸಿ. ಕ/2 + ಕ/3 = 10. ಎಲ್ಲವನ್ನೂ 6ರಿಂದ ಗುಣಿಸಿ, 10ನ್ನೂ ಬಿಡದೆ: 3ಕ + 2ಕ = 60, ಕ = 12. ತಾಳೆ ನೋಡಿ, 6 + 4 = 10. ಬೀಜಗಣಿತದ ಒಂದು ಒಳ್ಳೆಯ ಗುಣ ಅಂದರೆ ಉತ್ತರ ಸರಿಯೇ ಎಂದು ಮೇಷ್ಟ್ರನ್ನು ಕೇಳಬೇಕಾಗಿಲ್ಲ, ಸಿಕ್ಕ ಸಂಖ್ಯೆಯನ್ನು ಮತ್ತೆ ಹಾಕಿದರೆ ಲೆಕ್ಕವೇ ಹೇಳುತ್ತದೆ.

ಮಾತಿನ ಲೆಕ್ಕ ಬಂದರೆ ಪ್ರಶ್ನೆಯ ಕೊನೆಯ ಸಾಲು ಮೊದಲು ಓದಿ. ಏನು ಕೇಳಿದ್ದಾರೋ ಅದಕ್ಕೆ ಅಕ್ಷರ ಕೊಡಿ. ಹಾಸನಕ್ಕೂ ಚಿಕ್ಕಮಗಳೂರಿಗೂ ಸುಮಾರು 60 ಕಿ.ಮೀ. ಇಟ್ಟುಕೊಳ್ಳಿ. ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಬಸ್ಸು ಹೊರಟವು, ಹಾಸನದ್ದು ಗಂಟೆಗೆ 40, ಚಿಕ್ಕಮಗಳೂರಿನದ್ದು 35. ಎಷ್ಟು ಹೊತ್ತಿಗೆ ಎದುರಾಗುತ್ತವೆ? 40ಕ + 35ಕ = 60, 75ಕ = 60, ಕ = 0.8 ಗಂಟೆ. ಇಲ್ಲಿ 80 ನಿಮಿಷ ಎಂದು ಬರೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಹೊಳೆಗೆ ಹಾಕಿದ ಹಾಗೆ. 48 ನಿಮಿಷ, ಹಾಸನದಿಂದ 32 ಕಿ.ಮೀ. ದೂರದಲ್ಲಿ.

ಸಮಯದ ವಿಷಯ. ದಿನಕ್ಕೆ ಅರ್ಧ ಗಂಟೆ ಸಾಕು, ಭಾನುವಾರ ಮೂರು ಗಂಟೆ ಕೂರುತ್ತೇನೆ ಅನ್ನುವುದು ಆಗುವ ಮಾತಲ್ಲ. ಮೊದಲ ವಾರ ನಾಲ್ಕು ಕ್ರಿಯೆ, ಆಮೇಲೆ ಎರಡು ವಾರ ಭಿನ್ನರಾಶಿ, ದಶಮಾಂಶ, ಶೇಕಡಾ. ಒಂದು ವಾರ ಪೂರ್ತಿ ಮೈನಸ್ ಮತ್ತು ಆವರಣ. ಉಳಿದ ಎರಡು ವಾರ ಸಮೀಕರಣ. ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸರ್ಕಾರಿ ಗಣಿತ ಪುಸ್ತಕಗಳು ಕನ್ನಡದಲ್ಲೇ ಉಚಿತವಾಗಿ ಸಿಗುತ್ತವೆ, 5ರಿಂದ 8ನೇ ತರಗತಿಯವು ಸಾಕು. ವೀಡಿಯೊ ನೋಡಿ ಅರ್ಥವಾಯಿತು ಅಂದುಕೊಳ್ಳಬೇಡಿ, ಈಜುವುದನ್ನು ನೋಡಿದ ಮಾತ್ರಕ್ಕೆ ಈಜು ಬರುವುದಿಲ್ಲವಲ್ಲ. ಮೊದಲ ನಾಲ್ಕು ವಾರ ಕ್ಯಾಲ್ಕುಲೇಟರ್ ಮುಟ್ಟಬೇಡಿ. ಆರು ವಾರದ ಮೇಲೆ ಮೇಲಿನ ಹತ್ತು ಲೆಕ್ಕವನ್ನೇ ಬೇರೆ ಸಂಖ್ಯೆ ಹಾಕಿ ಮತ್ತೆ ಮಾಡಿ.

ಜೊತೆಗೆ ಇದೊಂದನ್ನೂ ಮಾಡಿ, ಇದರಲ್ಲಿ ಎಲ್ಲವೂ ಇದೆ. ಮನೆಯಲ್ಲಿ 3 ಕೆ.ಜಿ. ಕಾಫಿ ಪುಡಿ ಇದೆ, ಅದರಲ್ಲಿ ಚಿಕೋರಿ ಶೇ. 20. ಮನೆಯವರಿಗೆ ಚಿಕೋರಿ ಜಾಸ್ತಿಯಾಯಿತು, ಶೇ. 15ಕ್ಕೆ ಇಳಿಸಬೇಕು. ಎಷ್ಟು ಶುದ್ಧ ಕಾಫಿ ಪುಡಿ ಬೆರೆಸಬೇಕು? ಸುಳಿವು ಇಷ್ಟೇ: ಪುಡಿ ಬೆರೆಸಿದರೂ ಚಿಕೋರಿ ಇದ್ದಷ್ಟೇ ಇರುತ್ತದೆ, 600 ಗ್ರಾಂ. ಅದು ಹೊಸ ಮೊತ್ತದ, ಅಂದರೆ (3 + ಕ) ಕೆ.ಜಿ.ಯ, ಶೇ. 15 ಆಗಬೇಕು. ನಿಮಗೆ 1 ಕೆ.ಜಿ. ಬಂದರೆ ಸರಿ. 150 ಗ್ರಾಂ ಬಂದರೆ, 3 ಕೆ.ಜಿ.ಯ ಶೇ. 5 ಲೆಕ್ಕ ಹಾಕಿದ್ದೀರಿ. ಶೇಕಡಾ ಯಾವುದರದ್ದು ಎಂದು ಕೇಳಿಕೊಂಡು ಇನ್ನೊಮ್ಮೆ ಮಾಡಿ.